ಕೂಲೆಂಟ್ ಸೋರಿಕೆ: ಎಂಜಿನ್ ತಣ್ಣಗಿದ್ದಾಗಲೇ ಹಿಡಿಯಬೇಕು

ಡಬ್ಬಿಯಲ್ಲಿ ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ದಿನೇ ದಿನೇ ಇಳಿಯುತ್ತದೆ, ಕಾರು ನಿಲ್ಲಿಸಿದ ಕಡೆ ಮಾತ್ರ ಒಂದು ಹನಿಯೂ ಕಾಣುವುದಿಲ್ಲ. ನಾನು ಬಿಚ್ಚಿದ ಈ ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರಿನದೂ ಇದೇ ಕಥೆ. ಇಂಥದ್ದಕ್ಕೆ ಮೊದಲು ಸಿಗುವ ಸಲಹೆ ‘ವಾಟರ್ ಪಂಪ್ ಹೋಗಿದೆ, ಹೊಸದು ಹಾಕಿಸಿ’ ಎಂದು. ಪ್ರೆಷರ್ ಕೊಟ್ಟು ನೋಡದೆ ಯಾವ ಪಾರ್ಟನ್ನೂ ಕೊಳ್ಳಬಾರದು.

ಹನಿ ಕಾಣದಿರಲು ಕಾರಣವಿದೆ. ಎಂಜಿನ್ ಬಿಸಿಯಾದಾಗ ಒಳಗೆ ಸುಮಾರು 1 ಬಾರ್ ಒತ್ತಡ ಇರುತ್ತದೆ. ಸಣ್ಣ ಸಂದಿನಿಂದ ಜಿನುಗಿದ್ದು ಬಿಸಿಗೆ, ಫ್ಯಾನ್ ಗಾಳಿಗೆ ಅಲ್ಲೇ ಆರಿ ಬಿಳಿ ಅಥವಾ ಹಸಿರು ಹಕ್ಕಳೆಯಾಗಿ ಉಳಿಯುತ್ತದೆ. ಇನ್ನು ಕೆಲವು ಜಾಯಿಂಟ್‌ಗಳು ತದ್ವಿರುದ್ಧ: ಬಿಸಿಗೆ ರಬ್ಬರ್ ಉಬ್ಬಿ ಸೋರಿಕೆ ನಿಲ್ಲುತ್ತದೆ, ರಾತ್ರಿ ತಣ್ಣಗಾದ ಮೇಲೆ ಮತ್ತೆ ಶುರು. ಎಸಿ ನೀರನ್ನು ಕೂಲೆಂಟ್ ಎಂದುಕೊಳ್ಳುವವರೂ ಇದ್ದಾರೆ. ಎಸಿ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೂಲೆಂಟ್ ಬೆರಳಿಗೆ ಜಾರುತ್ತದೆ, ಸ್ವಲ್ಪ ಸಿಹಿ ವಾಸನೆ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕದ ಹಾಗೆ ತಕ್ಷಣ ತೊಳೆಯಬೇಕು.

ರಾತ್ರಿಯಿಡೀ ನಿಂತ ಕಾರಿನ ರೇಡಿಯೇಟರ್ ಮುಚ್ಚಳ ತೆಗೆದು, ಬಾಯಿಯವರೆಗೆ ತುಂಬಿಸಿ, ಕೈಪಂಪಿನ ಪ್ರೆಷರ್ ಟೆಸ್ಟರ್ ಕೂರಿಸಿದೆ. ರೇಡಿಯೇಟರಿಗೆ ಮುಚ್ಚಳವೇ ಇಲ್ಲದ ಕಾರಾದರೆ ಟೆಸ್ಟರ್ ಡಬ್ಬಿಯ ಬಾಯಿಗೆ ಕೂರುತ್ತದೆ. ಮುಚ್ಚಳದ ಮೇಲೆ 0.9 ಅಥವಾ 1.1 ಎಂಬಂತೆ ಬರೆದಿರುತ್ತದೆ, ಬಾರ್ ಲೆಕ್ಕದಲ್ಲಿ. ಅಷ್ಟಕ್ಕೇ ಪಂಪ್ ಮಾಡಬೇಕು. ಮೀರಿದರೆ ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಡಬಹುದು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನು ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಸೋರಿದ್ದೆಲ್ಲ ಅದರಲ್ಲೇ ನಿಂತು ಬೇರೆಲ್ಲೋ ಹೊರಬರುತ್ತದೆ.

ಕಾಲು ಗಂಟೆ ಬಿಟ್ಟರೆ ಟೆಸ್ಟರಿನ ಮುಳ್ಳು 0.9ರಿಂದ 0.7ಕ್ಕೆ ಇಳಿದಿತ್ತು. ಟಾರ್ಚ್ ಹಿಡಿದು ಕೆಳಗಿನ ಹೋಸ್ ರೇಡಿಯೇಟರಿಗೆ ಸೇರುವ ಕಡೆ ಬಗ್ಗಿ ನೋಡಿದಾಗ ಕ್ಲಾಂಪಿನ ಅಂಚಿನಲ್ಲಿ ಒಂದು ಹನಿ ನಿಧಾನಕ್ಕೆ ದಪ್ಪವಾಗುತ್ತಿತ್ತು. ಅದು ನೇರ ಬೀಳಲಿಲ್ಲ. ಹೋಸಿನ ಹೊಟ್ಟೆಗುಂಟ ಜಾರಿ, ಒಂದಡಿ ಆಚೆ, ವಾಟರ್ ಪಂಪಿನ ಕೆಳಗೆ ತೊಟ್ಟಿಕ್ಕಿತು. ಪಂಪಿನ ಮೇಲೆ ಅನುಮಾನ ಬಂದದ್ದು ಇದರಿಂದಲೇ. ಪಂಪ್ ನಿಜಕ್ಕೂ ಹೋಗಿದ್ದರೆ ಅದರ ಹೊಟ್ಟೆಯಲ್ಲಿರುವ ಸಣ್ಣ ತೂತಿನಿಂದ ಹಸಿ ಗೆರೆ ಇಳಿದಿರುತ್ತದೆ. ಅಲ್ಲಿ ತೆಳ್ಳನೆಯ ಒಣ ಕಲೆ ಇದ್ದರೆ ಗಾಬರಿ ಬೇಡ.

ಮುಳ್ಳು ಇಳಿದೂ ಹೊರಗೆ ಎಲ್ಲೂ ಒದ್ದೆ ಇಲ್ಲ ಎಂದಾದರೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ಕಾರಿನೊಳಗೆ ಬಿಸಿ ಗಾಳಿ ಕೊಡುವ ಸಣ್ಣ ರೇಡಿಯೇಟರ್, ಅಂದರೆ ಹೀಟರ್ ಕೋರ್, ಸೋರುವುದು ಅಲ್ಲಿಗೆ.

ಹೋಸ್ ಬಿಚ್ಚುವಾಗ ಅವಸರ ಪಡಬಾರದು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಹೋಸ್ ಕೂತಿರುವ ರೇಡಿಯೇಟರಿನ ಪ್ಲಾಸ್ಟಿಕ್ ಕೊಳವೆ ಮುರಿಯುತ್ತದೆ, ಕೆಲವೇ ನೂರು ರೂಪಾಯಿಯ ಕೆಲಸ ರೇಡಿಯೇಟರ್ ಬದಲಿಸುವ ತನಕ ಹೋಗುತ್ತದೆ. ಕೆಳಗೆ ಬೇಸಿನ್ ಇಟ್ಟು, ಹಳೆಯ ಹೋಸನ್ನು ಕೊಳವೆಗೆ ತಾಗದಂತೆ ಉದ್ದಕ್ಕೆ ಸೀಳಿ ಸುಲಿದು ತೆಗೆದೆ. ಕೊಳವೆಯ ಮೇಲೆ ಅಂಟಿದ ಹಕ್ಕಳೆಯನ್ನು ಪಾತ್ರೆ ಉಜ್ಜುವ ಹಸಿರು ನಾರಿನಿಂದ ತಿಕ್ಕಿದರೆ ಸಾಕು, ಕೆರೆಯಬೇಡಿ. ಗ್ರೀಸ್, ಗಮ್ ಯಾವುದೂ ಬೇಡ. ಸ್ವಲ್ಪ ಕೂಲೆಂಟ್ ಸವರಿದರೆ ಹೊಸ ಹೋಸ್ ಜಾರಿ ಕೂರುತ್ತದೆ. ಕ್ಲಾಂಪ್ ಕೊಳವೆಯ ಉಬ್ಬು ಅಂಚನ್ನು ದಾಟಿ ಒಳಗೆ ಕೂರಬೇಕು. ಕಂಪನಿಯ ಸ್ಪ್ರಿಂಗ್ ಕ್ಲಾಂಪ್ ಬಿಸಿ-ತಂಪಿಗೆ ತಾನೇ ಹೊಂದಿಕೊಳ್ಳುತ್ತದೆ, ತುಕ್ಕು ಹಿಡಿಯದಿದ್ದರೆ ಅದನ್ನೇ ಹಾಕಿ. ಸ್ಕ್ರೂ ಕ್ಲಾಂಪನ್ನು ಬಿಗಿದಷ್ಟೂ ಒಳ್ಳೆಯದೆಂದು ತಿರುಗಿಸುತ್ತಾ ಹೋದರೆ ರಬ್ಬರ್ ಕತ್ತರಿಸುತ್ತದೆ.

ತುಂಬಿಸುವಾಗ ಎಡವುವವರು ಬಹಳ. ಈ ಕಾರಿಗೆ ಒಟ್ಟು ಹಿಡಿಸುವುದು 4 ಲೀಟರ್, ಬೇಸಿನ್‌ಗೆ ಬಂದದ್ದು 2.5. ಉಳಿದ 1.5 ಎಂಜಿನ್ ಬ್ಲಾಕಿನೊಳಗೇ ಇರುತ್ತದೆ. ಒಳಗೆ ನೀರಿನಲ್ಲಿ ತೊಳೆದಿದ್ದರೆ ಆ ಒಂದೂವರೆ ಲೀಟರ್ ಬರೀ ನೀರು. ಮೇಲಿಂದ ಅರ್ಧಕ್ಕರ್ಧ ಬೆರೆಸಿದ್ದು ಹಾಕಿದರೆ ತೆಳುವಾಗುತ್ತದೆ. ಹಾಗಾಗಿ ತೊಳೆದಿದ್ದರೆ ಮೊದಲು 2 ಲೀಟರ್ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲೆಂಟ್), ಆಮೇಲೆ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಖಂಡಿತ ಬೇಡ, ಗಡಸು ನೀರಿನ ಸುಣ್ಣ ಒಳಗೆ ಪದರ ಕಟ್ಟುತ್ತದೆ. ದಾರಿಯಲ್ಲಿ ಸೋರಿಕೆ ನಿಲ್ಲಿಸಲು ಅರಿಶಿನಪುಡಿ ಹಾಕಿ ಊರು ಸೇರಿದ ಡ್ರೈವರ್‌ಗಳಿದ್ದಾರೆ, ಆ ಹೊತ್ತಿಗೆ ಸರಿ. ಆದರೆ ಸ್ಟಾಪ್-ಲೀಕ್ ಪುಡಿಯ ಹಾಗೆ ಅದೂ ಹೀಟರ್ ಕೋರಿನ ಸಣ್ಣ ಕೊಳವೆಗಳಿಗೆ ಅಡಚುತ್ತದೆ.

ಮತ್ತೆ ಟೆಸ್ಟರ್ ಹಾಕಿ, ಕಾಲು ಗಂಟೆ ಮುಳ್ಳು ಅಲ್ಲಾಡದಿದ್ದ ಮೇಲೆಯೇ ಗಾಳಿ ತೆಗೆಯುವ ಕೆಲಸ. ಕಾರಿನ ಮೂತಿ ಎತ್ತರಕ್ಕಿರಲಿ, ಹೀಟರ್ ಪೂರ್ತಿ ಬಿಸಿಗೆ. ಮುಚ್ಚಳ ತೆರೆದೇ ಐಡಲ್‌ನಲ್ಲಿ ಬಿಟ್ಟು, ಎಂಜಿನ್ ಉಗುರುಬೆಚ್ಚಗಿರುವಾಗಲೇ ಮೇಲಿನ ಹೋಸನ್ನು ಹಿಂಡುತ್ತಾ ಗುಳ್ಳೆ ನಿಂತ ಮೇಲೆ ಮುಚ್ಚಿದೆ. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಓಡಿಸಿದೆ. ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ, ಕೈ ದೂರವಿರಲಿ.

ಮರುದಿನ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿರುತ್ತದೆ, ಸಿಕ್ಕಿಕೊಂಡ ಗಾಳಿ ಹೋದದ್ದು ಅಷ್ಟೆ. ಮ್ಯಾಕ್ಸ್ ಗೆರೆಗೆ ತುಂಬಿಸಿ. ಆಮೇಲೂ ಇಳಿಯುತ್ತಲೇ ಇದ್ದರೆ ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲೆ ಕಣ್ಣು: ರೇಡಿಯೇಟರ್ ಬಾಯಿಯ ಗಾಳಿಯನ್ನು ಬ್ಲಾಕ್ ಟೆಸ್ಟರಿನ ನೀಲಿ ದ್ರವದ ಮೂಲಕ ಎಳೆದಾಗ ಅದು ಹಳದಿಗೆ ತಿರುಗಿದರೆ ಎಂಜಿನ್ ಹೊಗೆ ಕೂಲೆಂಟ್‌ಗೆ ಸೇರುತ್ತಿದೆ ಎಂದರ್ಥ, ಆಗ ಕಾರನ್ನು ಓಡಿಸದೆ ಎತ್ತಿಸಿಕೊಂಡು ಹೋಗುವುದೇ ಸರಿ.