ಬಸುರಿಯಲ್ಲಿ ಆರು ತಿಂಗಳು ಮೂಗು ಕಟ್ಟಿತ್ತು: ನಾನು ಏನೇನು ಮಾಡಿದೆ

ಡಿಸೆಂಬರ್ ಬಂತೆಂದರೆ ಶಿಡ್ಲಘಟ್ಟದಲ್ಲಿ ಯಾವ ಬೀದಿಗೆ ಹೋದರೂ ಅವರೆಕಾಯಿ ಸೊಗಡು ಮೂಗಿಗೆ ಹೊಡೆಯುತ್ತದೆ. ಆ ವರ್ಷ ನನಗೆ ಹೊಡೆಯಲಿಲ್ಲ. ಅತ್ತೆ ಹಿತಕಿದಬೇಳೆ ಸಾರು ಮಾಡಿ ಮುದ್ದೆ ಜೊತೆ ಇಟ್ಟರು, ನಾನು ತಟ್ಟೆಗೆ ಮುಖ ಬಗ್ಗಿಸಿ ಎಳೆದೆಳೆದು ಮೂಸಿದೆ. ಏನೂ ಇಲ್ಲ, ಬಿಸಿ ಹಬೆ ಮಾತ್ರ. ಆಗ ನನಗೆ ಐದನೇ ತಿಂಗಳು, ಚೊಚ್ಚಲು. ಮೂಗು ಕಟ್ಟಿ ಆಗಲೇ ಐದು ವಾರ ಆಗಿತ್ತು.

ಮನೆಯಲ್ಲಿ ಎಲ್ಲರೂ ನೆಗಡಿ ಅಂದರು. ಚಳಿ, ಮಂಜು, ಒದ್ದೆ ಕೂದಲಲ್ಲೇ ಮಲಗಿದ್ದು, ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ನಮ್ಮ ಪಕ್ಕದಲ್ಲೇ ರೇಷ್ಮೆ ರೀಲಿಂಗ್ ಯೂನಿಟ್ ಇದೆ, ಗೂಡು ಬೇಯಿಸುವ ವಾಸನೆ, ಸೌದೆ ಹೊಗೆ ದಿನವಿಡೀ ಬರುತ್ತದೆ, ಅದರಿಂದಲೇ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಆದರೆ ನೆಗಡಿ ಅಂದರೆ ಒಂದು ವಾರ, ಹತ್ತು ದಿನ, ಅಲ್ವಾ? ನನಗೆ ಜ್ವರ ಇಲ್ಲ, ಕೆಮ್ಮು ಇಲ್ಲ, ಕಣ್ಣು ತುರಿಕೆ ಇಲ್ಲ, ಸೋರುವುದೂ ಅಷ್ಟೇನಿಲ್ಲ. ಸುಮ್ನೆ ಕಟ್ಟಿಕೊಂಡು ಕೂತಿದೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮೆಷಿನ್ ಮುಂದೆ ತಲೆ ಬಗ್ಗಿಸಿದರೆ ಕೆನ್ನೆ ಮೂಳೆ, ಹುಬ್ಬಿನ ಮೇಲೆ ಕಲ್ಲು ಇಟ್ಟ ಹಾಗೆ ಭಾರ. ರಾತ್ರಿ ಬಾಯಲ್ಲಿ ಉಸಿರಾಡಿ ಬೆಳಗ್ಗೆ ಗಂಟಲು ಒಣಗಿ ಕಟ್ಟಿಗೆ ಆಗಿರುತ್ತಿತ್ತು.

ಮೊದಲು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹಳೇ ಮೂಗಿನ ಡ್ರಾಪ್ಸ್ ಒಂದಿತ್ತು, ಕ್ಸೈಲೋಮೆಟಜೋಲಿನ್ ಅಂತ ಬರೆದಿತ್ತು. ಎರಡು ಹನಿ ಬಿಟ್ಟೆ, ಐದೇ ನಿಮಿಷಕ್ಕೆ ಮೂಗು ತೆರೆಯಿತು. ಎಷ್ಟು ದಿನದ ಮೇಲೆ ಮೂಗಲ್ಲಿ ಉಸಿರಾಡಿದೆ ಅಂತ ಅಳುವಷ್ಟು ಖುಷಿ ಆಯಿತು. ಆ ಖುಷಿಗೇ ದಿನಾ ಹಾಕಿದೆ. ಒಂಬತ್ತು ದಿನ. ಕೊನೆಗೆ ಎರಡು ಗಂಟೆಗೊಮ್ಮೆ ಹಾಕದಿದ್ದರೆ ಮೊದಲಿಗಿಂತ ಜಾಸ್ತಿ ಕಟ್ಟುತ್ತಿತ್ತು. ಆ ಹನಿ ಮೂಗಿನೊಳಗಿನ ರಕ್ತನಾಳವನ್ನು ಬಿಗಿ ಮಾಡುತ್ತದೆ. ಮೂರರಿಂದ ಐದು ದಿನ ದಾಟಿ ಹಾಕಿದರೆ, ಅದರ ಶಕ್ತಿ ಇಳಿದ ಕೂಡಲೇ ಒಳಗೆಲ್ಲ ಮತ್ತೆ ಊದಿಕೊಳ್ಳುತ್ತದೆ. ಬಸುರಿ ಅಲ್ಲದವರಿಗೂ ಹೀಗೇ ಆಗುತ್ತದೆ. ಬಸುರಿಯಲ್ಲಂತೂ ಡಾಕ್ಟರನ್ನು ಕೇಳದೆ ಹಾಕಲೇಬಾರದಿತ್ತು, ನಾನು ಕೇಳಿರಲಿಲ್ಲ.

ಚೆಕಪ್‌ಗೆ ಹೋದಾಗ ತಾಯಿ ಕಾರ್ಡ್ ಜೊತೆ ಆ ಬಾಟಲಿಯನ್ನೂ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಡಾಕ್ಟರಮ್ಮ ಬೈಯಲಿಲ್ಲ. ನಿಧಾನವಾಗಿ ಹೇಳಿದರು. ಬಸುರಿಯಲ್ಲಿ ಮೈಯಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚಾಗುತ್ತದಂತೆ. ಅದರ ಜೊತೆ ಹಾರ್ಮೋನ್ ಏರುಪೇರು. ಕಾಲು ಊದುವ ಹಾಗೆ ಮೂಗಿನ ಒಳಪದರವೂ ಊದುತ್ತದೆ, ದಾರಿ ಕಿರಿದಾಗುತ್ತದೆ. ಇದು ನೆಗಡಿಯೂ ಅಲ್ಲ, ಅಲರ್ಜಿಯೂ ಅಲ್ಲ, ಬಸುರಿನದೇ ಮೂಗುಕಟ್ಟು. ಸುಮಾರು ಐವರಲ್ಲಿ ಒಬ್ಬರಿಗೆ ಬರುತ್ತದೆ, ಆರು ವಾರಕ್ಕಿಂತ ಜಾಸ್ತಿ ಇರುತ್ತದೆ, ಹೆರಿಗೆ ಆದ ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಇದನ್ನು ಕೇಳಿದ್ದೇ ನನಗೆ ಅರ್ಧ ಔಷಧಿ ಆಯಿತು. ಮಗುವಿಗೆ ಉಸಿರು ಸಾಲುತ್ತಿಲ್ಲವೇನೋ ಅಂತ ರಾತ್ರಿಯೆಲ್ಲ ಹೆದರಿ ಕೂತಿರುತ್ತಿದ್ದೆ. ಬಾಯಲ್ಲಿ ಉಸಿರಾಡಿದರೂ ಮಗುವಿಗೆ ಗಾಳಿ ಸಿಗುತ್ತದಮ್ಮಾ ಅಂದರು. ಡ್ರಾಪ್ಸ್ ನಿಲ್ಲಿಸಿ, ಅದರ ಅಭ್ಯಾಸ ಬಿಡಿಸಲು ಬುಡೆಸೊನೈಡ್ ಅನ್ನುವ ಸ್ಪ್ರೇ ಎರಡು ವಾರಕ್ಕೆ ಬರೆದುಕೊಟ್ಟರು. ಬಸುರಿಯರಿಗೆ ಆ ಜಾತಿಯ ಸ್ಪ್ರೇಗಳಲ್ಲಿ ಹೆಚ್ಚು ಪರೀಕ್ಷೆಯಾಗಿರುವುದು ಅದೇ ಅಂದರು. ನನಗೆ ಬರೆದುಕೊಟ್ಟರು ಅಂತ ನೀವು ತಂದು ಹಾಕಿಕೊಳ್ಳಬೇಡಿ, ನಿಮ್ಮ ಡಾಕ್ಟರ್ ನೋಡಿ ಹೇಳಬೇಕು.

ಅದಕ್ಕಿಂತ ಮುಖ್ಯವಾಗಿ ಅವರು ಹೇಳಿದ್ದು ಉಪ್ಪುನೀರು. ನನ್ನನ್ನು ಆರು ತಿಂಗಳು ಕಾಪಾಡಿದ್ದು ಇದೇ, ಆದ್ದರಿಂದ ಇದನ್ನು ಬಿಡಿಸಿ ಬರೆಯುತ್ತೇನೆ.

ನೀರಿನಿಂದ ಶುರು ಮಾಡೋಣ, ಏಕೆಂದರೆ ನಮ್ಮ ಕಡೆ ಎಡವುವುದು ಅಲ್ಲೇ. ನಮಗೆ ಬರುವುದು ಬೋರ್‌ವೆಲ್ ನೀರು. ಫ್ಲೋರೈಡ್ ಇದೆ ಅಂತ ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಕ್ಯಾನ್ ನೀರು ಶುದ್ಧ ಅಲ್ವಾ, ಹಾಗೇ ಹಾಕಬಹುದು ಅಂತ ನಮ್ಮ ಯಜಮಾನರೂ ಅಂದರು, ನಾನೂ ಹಾಗೇ ಅಂದುಕೊಂಡಿದ್ದೆ. ಕುಡಿಯೋಕೆ ಶುದ್ಧ ಅಷ್ಟೇ. ಹೊಟ್ಟೆಗೆ ಹೋದರೆ ಏನೂ ಮಾಡದ ಕ್ರಿಮಿ ಮೂಗಿನ ಮೂಲಕ ಮೇಲೆ ಹೋದರೆ ಬೇರೆ ಕಥೆ. ಕೇರಳದಲ್ಲಿ 2024ರಲ್ಲೂ 2025ರಲ್ಲೂ ಮೆದುಳು ತಿನ್ನುವ ಅಮೀಬಾ ಅಂತ ಸುದ್ದಿ ಬಂತಲ್ಲ, ಅಂಥದ್ದು ಮೂಗಿನಿಂದಲೇ ಒಳಗೆ ಹೋಗುವುದು. ಬಹಳ ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ಹಾಗಾಗಿ ಯಾವ ನೀರೇ ಆಗಲಿ ಕುದಿಸಲೇಬೇಕು. ಬಿಸಿ ಮಾಡುವುದಲ್ಲ, ಕೊತಕೊತ ಕುದಿಯಬೇಕು. ಹಾಗೆ ಕುದಿಯುತ್ತಾ ಒಂದು ನಿಮಿಷ ಇದ್ದರೆ ಸಾಕು, ನಾನು ಮೂರು ನಿಮಿಷ ಬಿಡುತ್ತಿದ್ದೆ. ಆಮೇಲೆ ತಟ್ಟೆ ಮುಚ್ಚಿ ಆರಿಸಿ, ಮುಂಗೈ ಮೇಲೆ ಬಿಟ್ಟುಕೊಂಡು ನೋಡಿ, ಉಗುರುಬೆಚ್ಚಗಿದ್ದಾಗ ಬಳಸುತ್ತಿದ್ದೆ. ತಣ್ಣಗಿದ್ದರೆ ಹಣೆಯೆಲ್ಲ ಚುಚ್ಚುತ್ತದೆ.

ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪು ಅಯೋಡಿನ್ ಹಾಕದ್ದಾದರೆ ಒಳ್ಳೆಯದು, ಕೆಲವರಿಗೆ ಅಯೋಡಿನ್ ಉಪ್ಪು ಮೂಗಲ್ಲಿ ಉರಿಯುತ್ತದೆ. ನಾನು ಮೊದಲ ಎರಡು ವಾರ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಮೂಗು ತೊಳೆಯುವ ಬಾಟಲಿ, ಅದರದ್ದೇ ಪುಡಿ ಪ್ಯಾಕೆಟ್ ತಂದೆ, ಆಮೇಲೆ ಅಳತೆ ಕೈಗೆ ಬಂತು. ಉಪ್ಪು ಹಾಕದೆ ಬರೀ ನೀರು ಬಿಡಬೇಡಿ, ಒಂದು ಸಲ ಮರೆತು ಬಿಟ್ಟೆ, ಕಣ್ಣಲ್ಲಿ ನೀರು ಬಂತು.

ಸಿಂಕ್ ಮುಂದೆ ಸ್ವಲ್ಪ ಬಗ್ಗಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಬೇಕು. ಬಾಯಿ ತೆರೆದು ಬಾಯಲ್ಲೇ ಉಸಿರಾಡಬೇಕು, ನಾನು ಸಣ್ಣಗೆ ಆ ಅನ್ನುತ್ತಿದ್ದೆ, ಹಾಗಂದರೆ ಗಂಟಲಿಗೆ ಇಳಿಯುವುದು ಕಡಿಮೆ. ಮೇಲಿನ ಹೊಳ್ಳೆಗೆ ಬಾಟಲಿ ಇಟ್ಟು ಮೆತ್ತಗೆ ಒತ್ತಿದರೆ ಕೆಳಗಿನ ಹೊಳ್ಳೆಯಿಂದ ಇಳಿಯುತ್ತದೆ. ಮೊದಲ ದಿನ ಇಳಿಯಲೇ ಇಲ್ಲ. ಪೂರ್ತಿ ಕಟ್ಟಿದ್ದಾಗ ಜೋರಾಗಿ ಒತ್ತಿದರೆ ಕಿವಿಗೆ ಒತ್ತಡ ಹೋಗುತ್ತದೆ, ನನಗೆ ಒಂದು ದಿನ ಕಿವಿ ಗುಂಯ್ ಅಂದಿತು. ಅಂಥ ದಿನ ಬರೀ ಸಲೈನ್ ಡ್ರಾಪ್ಸ್, ಅಂದರೆ ಎಳೆಮಕ್ಕಳಿಗೆ ಹಾಕುವ ಉಪ್ಪುನೀರಿನ ಹನಿ, ಅದನ್ನು ಹಾಕಿ ಹತ್ತು ನಿಮಿಷ ಬಿಟ್ಟು ಆಮೇಲೆ ತೊಳೆಯುತ್ತಿದ್ದೆ. ಆ ಹನಿಯಲ್ಲಿ ಔಷಧಿ ಏನೂ ಇರುವುದಿಲ್ಲ. ತೊಳೆದ ಮೇಲೆ ಸೀಟುವುದೂ ಮೆಲ್ಲಗೆ, ಎರಡೂ ಹೊಳ್ಳೆ ಒಟ್ಟಿಗೆ ಅಮುಕಿ ಹಿಡಿದು ಸೀಟಬಾರದು.

ಬೆಳಗ್ಗೆ ಎದ್ದ ಮೇಲೆ ಒಮ್ಮೆ, ರಾತ್ರಿ ಮಲಗುವ ಒಂದು ಗಂಟೆ ಮುಂಚೆ ಒಮ್ಮೆ. ತೊಳೆದ ಕೂಡಲೇ ಮಲಗಿದರೆ ಒಳಗೆ ಉಳಿದ ನೀರು ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ. ಉಳಿದ ನೀರನ್ನು ನಾಳೆಗೆ ಇಡುತ್ತಿರಲಿಲ್ಲ, ಬಾಟಲಿ ತೊಳೆದು ಬೋರಲು ಹಾಕಿ ಒಣಗಿಸುತ್ತಿದ್ದೆ. ಡ್ರಾಪ್ಸ್ ಹಾಗೆ ಐದು ನಿಮಿಷಕ್ಕೆ ಮೂಗು ಬಿಚ್ಚುತ್ತದೆ ಅಂತ ಕಾಯಬೇಡಿ. ನನಗೆ ನಾಲ್ಕೈದು ದಿನ ಹಿಡಿಯಿತು. ಪೂರ್ತಿ ಬಿಚ್ಚಲೂ ಇಲ್ಲ. ಆದರೆ ಮುಖದ ಭಾರ ಇಳಿಯಿತು, ರಾತ್ರಿ ಮೂರು ಗಂಟೆ ಒಂದೇ ಸಮ ನಿದ್ದೆ ಬಂತು.

ಹಬೆ ವಿಷಯ. ನಮ್ಮ ಕಡೆ ನೀಲಗಿರಿ ತೋಪಿಗೆ ಬರವಿಲ್ಲ, ಅತ್ತೆ ಪ್ರೀತಿಯಿಂದ ಎಲೆ ತರಿಸಿ, ದೊಡ್ಡ ಪಾತ್ರೆಯಲ್ಲಿ ಕುದಿಸಿ, ಮೇಲೆ ಕಂಬಳಿ ಹೊದಿಸಿ ಕೂರಿಸಿದರು. ಎರಡು ನಿಮಿಷಕ್ಕೆ ತಲೆ ತಿರುಗಿತು. ಏಳಲು ಹೋಗಿ ಮೊಣಕಾಲು ತಾಗಿ ಪಾತ್ರೆ ಅಲುಗಾಡಿ ಬಿಸಿನೀರು ತೊಡೆ ಮೇಲೆ ಚೆಲ್ಲಿತು. ಬೊಬ್ಬೆ ಎದ್ದು ವಾಸಿಯಾಗೋಕೆ ಎರಡು ವಾರ ಬೇಕಾಯಿತು. ಹೊಟ್ಟೆ ಮೇಲೆ ಬೀಳಲಿಲ್ಲ, ಅದೇ ಪುಣ್ಯ. ಪಾಪ, ಅತ್ತೆ ನನಗಿಂತ ಜಾಸ್ತಿ ಅತ್ತರು. ಅಲ್ಲಿಂದ ಮುಂದೆ ಪಾತ್ರೆ ಹಬೆ ಬಿಟ್ಟೆ. ಬಚ್ಚಲಮನೆ ಬಾಗಿಲು ಹಾಕಿ, ಬಕೆಟ್‌ಗೆ ಬಿಸಿನೀರು ಬಿಟ್ಟುಕೊಂಡು, ದೂರದಲ್ಲಿ ಸ್ಟೂಲ್ ಮೇಲೆ ಐದು ನಿಮಿಷ ಕೂರುತ್ತಿದ್ದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಕೆನ್ನೆ, ಹುಬ್ಬಿನ ಮೇಲೆ ಇಟ್ಟರೂ ಹಿತ. ಕರ್ಪೂರ, ಬಾಮ್ ನೀರಿಗೆ ಹಾಕಲಿಲ್ಲ.

ಮಲಗುವುದಕ್ಕೆ ದಿಂಬು ಮೇಲೆ ದಿಂಬು ಇಟ್ಟು ನೋಡಿದೆ, ಕತ್ತು ನೋವು. ನಮ್ಮ ಯಜಮಾನರು ಮಂಚದ ತಲೆ ಕಡೆಯ ಎರಡು ಕಾಲಿಗೆ ಇಟ್ಟಿಗೆ ಕೊಟ್ಟರು. ಸೊಂಟದಿಂದ ಮೇಲೆಲ್ಲ ಇಳಿಜಾರಾಗಿ ಎತ್ತರ ಆಯಿತು, ಎಡಮಗ್ಗುಲಿಗೆ ಮಲಗುವುದೂ ಸುಲಭ ಆಯಿತು. ಕಾಸು ಖರ್ಚಿಲ್ಲದ ಕೆಲಸ, ಖಂಡಿತ ಮಾಡಿ ನೋಡಿ. ಊದುಬತ್ತಿ ನಿಲ್ಲಿಸಿದೆವು, ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಮೆಷಿನ್ನನ್ನು ರೀಲಿಂಗ್ ಯೂನಿಟ್ ಕಡೆಯ ಕಿಟಕಿಯಿಂದ ಆಚೆ ಕೋಣೆಗೆ ಸಾಗಿಸಿದೆವು.

ಮೈದುನ ಒಂದು ದಿನ ನೆಗಡಿ ಮಾತ್ರೆ ತಂದುಕೊಟ್ಟ. ಹಿಂದೆ ತಿರುಗಿಸಿ ಓದಿದರೆ ಫಿನೈಲ್‌ಎಫ್ರಿನ್ ಇತ್ತು. ಅದು ಮೂಗಿನದಷ್ಟೇ ಅಲ್ಲ, ಮೈಯ ರಕ್ತನಾಳಗಳನ್ನೂ ಬಿಗಿ ಮಾಡುತ್ತದೆ, ಬಿಪಿ ಏರಿಸಬಹುದು. ಇಂಥ ಮಾತ್ರೆಗಳಲ್ಲಿ ಮೂರ್ನಾಲ್ಕು ಔಷಧಿ ಒಟ್ಟಿಗೆ ಇರುತ್ತವೆ, ಅದಕ್ಕೇ ಬಸುರಿ ಅಂತ ಮೊದಲೇ ಹೇಳಿ, ಪಟ್ಟಿ ಓದಿ. ನೋವಿಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡ. 20 ವಾರ ದಾಟಿದ ಮೇಲೆ ಅವು ಮಗುವಿನ ಕಿಡ್ನಿಗೆ ತೊಂದರೆ ಮಾಡಿ ಗರ್ಭದ ನೀರು ಕಡಿಮೆ ಮಾಡಬಹುದು. ತೀರಾ ನೋವಿದ್ದಾಗ ಡಾಕ್ಟರ್ ಹೇಳಿದಷ್ಟು ಪ್ಯಾರಸಿಟಮಾಲ್ ತೆಗೆದುಕೊಂಡೆ. ಮೆಣಸಿನ ಸಾರು, ಶುಂಠಿ ಟೀ ಅಡುಗೆ ಅಳತೆಯಲ್ಲಿ ಕುಡಿದೆ. ಅಮ್ಮ ಕಳಿಸಿದ ಕಷಾಯದ ಪುಡಿಯಲ್ಲಿ ಅತಿಮಧುರ ಇತ್ತು, ಅದು ಜಾಸ್ತಿಯಾದರೆ ಬಸುರಿಯರಿಗೆ ಒಳ್ಳೆಯದಲ್ಲ ಅಂತ ಅದನ್ನು ಮುಟ್ಟಲಿಲ್ಲ.

ಈಗ ಬರೆಯುವುದನ್ನು ದಯವಿಟ್ಟು ಗಮನ ಇಟ್ಟು ಓದಿ.

ಎಂಟು ತುಂಬುವ ಹೊತ್ತಿಗೆ ಶ್ರೀನಿವಾಸಪುರದ ಕಡೆ ತವರಿಗೆ ಬಂದಿದ್ದೆ. ಏಪ್ರಿಲ್ ಮೊದಲ ವಾರ ತಲೆನೋವು ಶುರುವಾಯಿತು. ಹಣೆ, ಕಣ್ಣಿನ ಮೇಲೆ, ನನಗೆ ಗೊತ್ತಿರುವ ಅದೇ ಜಾಗ. ಸೈನಸ್ ಅಂದುಕೊಂಡೆ. ಉಪ್ಪುನೀರು ಹಾಕಿದೆ, ಬಿಸಿಬಟ್ಟೆ ಇಟ್ಟೆ. ಎರಡು ದಿನ ಇಳಿಯಲಿಲ್ಲ. ಬಗ್ಗಿದರೆ ಜಾಸ್ತಿ ಆಗುತ್ತಿದ್ದ ನೋವು ಈಗ ಹೇಗೆ ಕೂತರೂ ಒಂದೇ ಸಮ ಇತ್ತು, ಆ ವ್ಯತ್ಯಾಸ ನನಗೆ ಹೊಳೆಯಲಿಲ್ಲ. ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅದಕ್ಕೆ ಕರೆಯೋಕೆ ಬಂದ ಆಶಾ ಅಕ್ಕ ನನ್ನ ಮುಖ ನೋಡಿ, ಉಂಗುರ ಬೆರಳಿಗೆ ಬಿಗಿಯಾಗಿದ್ದು ನೋಡಿ, "9ರವರೆಗೆ ಕಾಯೋದು ಬೇಡ, ಈಗಲೇ ನಡೆಯಮ್ಮ" ಅಂದರು. ಬಿಪಿ 150/96 ಇತ್ತು. 140/90 ಮುಟ್ಟಿದರೇ ಬಸುರಿಯಲ್ಲಿ ಹೆಚ್ಚು ಅಂತ ಲೆಕ್ಕ. ಗೊರಕೆ ಬರುತ್ತಾ ಅಂತಲೂ ಕೇಳಿದರು. ಬಸುರಿಯಲ್ಲಿ ಹೊಸದಾಗಿ ಗೊರಕೆ ಶುರುವಾದವರಲ್ಲಿ ಬಿಪಿ ಏರುವುದು ಹೆಚ್ಚು ಕಂಡುಬರುತ್ತದಂತೆ. ನನಗೆ ಮೂರು ತಿಂಗಳಿಂದ ಇತ್ತು, ಮೂಗು ಕಟ್ಟಿದೆಯಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ಮೂತ್ರ, ರಕ್ತ ಪರೀಕ್ಷೆ ಮಾಡಿ, ಮೂರು ದಿನ ಇಟ್ಟುಕೊಂಡು, ಬಿಪಿ ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ ವಾರಕ್ಕೆ ಎರಡು ಸಲ ಬಿಪಿ ನೋಡಿಸಿದೆ.

ಆದ್ದರಿಂದ ಐದು ತಿಂಗಳು ದಾಟಿದ ಮೇಲೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮಿಂಚು ಕಾಣುವುದು, ಮುಖ ಕೈ ದಿಢೀರನೆ ಊದುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಇದರಲ್ಲಿ ಯಾವುದಿದ್ದರೂ ಸೈನಸ್ ಅಂತ ಸುಮ್ಮನಿರಬೇಡಿ, ಅವತ್ತೇ ಬಿಪಿ ನೋಡಿಸಿ. ಇನ್ನು ನಿಜವಾದ ಸೈನಸ್ ಸೋಂಕು ಬೇರೆ. ಜ್ವರ ಬರುವುದು, ಗಟ್ಟಿ ಹಳದಿ ಹಸಿರು ಸಿಂಬಳ ಹತ್ತು ದಿನ ದಾಟುವುದು, ಕಡಿಮೆಯಾಗಿ ಮತ್ತೆ ಜೋರಾಗುವುದು. ಆಗಲೂ ಡಾಕ್ಟರ್ ಹತ್ತಿರವೇ, ಬಸುರಿಯಲ್ಲಿ ಕೊಡಬಹುದಾದ ಆಂಟಿಬಯೋಟಿಕ್ ಇದೆ. ಕಣ್ಣಿನ ಸುತ್ತ ಊದಿದರೆ ಬೆಳಗಾಗುವವರೆಗೂ ಕಾಯಬಾರದು.

ಮೇ ತಿಂಗಳ ಮೊದಲಲ್ಲಿ, 38 ವಾರಕ್ಕೆ ಹೆರಿಗೆ ಆಯಿತು. ಹೆಣ್ಣುಮಗು, 2.7 ಕಿಲೋ. ಬಿಪಿ ಇಳಿಯಲು ಒಂದು ತಿಂಗಳು ಹಿಡಿಯಿತು, ಮೂಗು ಅಷ್ಟು ಕಾಯಿಸಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಮಗುವಿಗೆ ಹಾಲು ಕೊಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅಪ್ಪ ಹುಲ್ಲಿನಲ್ಲಿ ಮಾವಿನಕಾಯಿ ಹಣ್ಣಿಗೆ ಹಾಕಿದ್ದರು, ಬಾದಾಮಿ ಹಣ್ಣು. ಬಾಗಿಲು ಮುಚ್ಚಿತ್ತು, ಆದರೂ ವಾಸನೆ ಬಂತು. ಅಮ್ಮನನ್ನು ಕೂಗಿ ಹೇಳಿದೆ. ಬಾಣಂತಿಗೆ ಹಣ್ಣು ಕೊಡಲ್ಲ ಅಂದರು, ಆದರೆ ಒಂದು ಹಣ್ಣು ತಂದು ನನ್ನ ತಲೆದಿಂಬಿನ ಪಕ್ಕ ಇಟ್ಟು ಹೋದರು.