ಜೈಲಿನ ಚಿಕಿತ್ಸೆ ಸುಧಾರಿಸಬೇಕೆ? ಒಳಗಿರುವವರನ್ನು ಜೊತೆಗೆ ಕೂರಿಸಿಕೊಳ್ಳುವುದು ಹೀಗೆ

ಮಲಯಾಳದಲ್ಲಿ ‘ಪನಿ’ ಎಂದರೆ ಜ್ವರ. ತುಳುವಿನಲ್ಲಿ ಅದೇ ‘ಪನಿ’ ತುಂತುರು ಮಳೆ. ಗಡಿನಾಡು ಕಾಸರಗೋಡಿನ ಒಂದು ಸಣ್ಣ ಜೈಲಿನಲ್ಲಿ, ಮಳೆಗಾಲದ ಆಟಿ ತಿಂಗಳ ಒಂದು ಬೆಳಗ್ಗೆ, ವಾರ್ಡರ್ ಬಂದು ‘ಪನಿ ಉಂಡೋ?’ ಎಂದು ಕೇಳಿದರು. ವಿಟ್ಲದ ಕಡೆಯಿಂದ ಕೂಲಿಗೆ ಬಂದಿದ್ದ ಹಿರಿಯರೊಬ್ಬರು ಕಿಟಕಿಯತ್ತ ನೋಡಿ ‘ಇಲ್ಲ’ ಎಂದು ತಲೆಯಾಡಿಸಿದರು. ಅವರ ಹಣೆ ಮುಟ್ಟಿದರೆ ಸುಡುತ್ತಿತ್ತು. ಪಕ್ಕದಲ್ಲಿ ಮಲಗುತ್ತಿದ್ದ ಹುಡುಗ ನನ್ನ ಹತ್ತಿರ ಬಂದು, ‘ಸಿಸ್ಟರೇ, ಅಜ್ಜನಿಗೆ ಮೂರು ರಾತ್ರಿಯಿಂದ ಚಳಿ ಹಿಡಿಯುತ್ತಾ ಉಂಟು. ನಮ್ಮ ಹತ್ರ ಯಾರೂ ಕೇಳಲಿಲ್ಲ’ ಎಂದ.

ನಾನು ನರ್ಸ್ ಆಗಿದ್ದು ನಿವೃತ್ತಳಾದವಳು. ಈಗ ಕಾನೂನು ಸೇವಾ ಸ್ವಯಂಸೇವಕಿಯಾಗಿ ಜೈಲಿಗೆ ಹೋಗಿಬರುತ್ತೇನೆ. ಅಂದು ಆ ಕೋಣೆಯಲ್ಲಿ ರೋಗದ ವಿಷಯ ಸರಿಯಾಗಿ ಗೊತ್ತಿದ್ದದ್ದು ಆ ಹುಡುಗನಿಗೆ ಮಾತ್ರ. ಅವನ ತಿಳಿವಳಿಕೆಯನ್ನು ಡಾಕ್ಟರ ಮೇಜಿನವರೆಗೆ ಮುಟ್ಟಿಸಿ, ಉತ್ತರವನ್ನು ಅವನಿಗೆ ವಾಪಸು ಕೊಡುವ ದಾರಿ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಯಂಸೇವಕರಿಗೆ, ಜೈಲಿನ ಸಿಬ್ಬಂದಿಗೆ, ಒಳಗೆ ತಮ್ಮವರು ಇರುವ ಮನೆಯವರಿಗೆ ಇದು ಉಪಯೋಗಕ್ಕೆ ಬಂದೀತು.

ಮೊದಲು ಮೂವರನ್ನು ಒಟ್ಟಿಗೆ ಕೂರಿಸಿ

ಸೂಪರಿಂಟೆಂಡೆಂಟ್, ಜೈಲಿಗೆ ಬರುವ ಡಾಕ್ಟರ್, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ. ಇವರನ್ನು ಬೇರೆ ಬೇರೆಯಾಗಿ ಕಂಡರೆ ಕೆಲಸ ಸಾಗುವುದಿಲ್ಲ. ಮದ್ದು ಡಾಕ್ಟರ ಕೈಯಲ್ಲಿ, ಬೀಗದ ಕೈ ಸೂಪರಿಂಟೆಂಡೆಂಟರ ಕೈಯಲ್ಲಿ, ಆಸ್ಪತ್ರೆಗೆ ಕರೆದೊಯ್ಯುವ ಬೆಂಗಾವಲು ಪೊಲೀಸರ ಕೈಯಲ್ಲಿ ಇರುತ್ತದೆ. ಒಬ್ಬರು ‘ಆಗಲಿ’ ಎಂದದ್ದು ಇನ್ನೊಬ್ಬರ ಬಾಗಿಲಲ್ಲಿ ನಿಂತುಬಿಡುತ್ತದೆ.

ಚಿಕಿತ್ಸೆಯ ಬಗ್ಗೆ ಕೈದಿಗಳ ಜೊತೆ ಸಭೆ ನಡೆಸಲು ಒಪ್ಪಿಗೆ ಕೇಳುವ ಮನವಿಯನ್ನು ಕನ್ನಡದಲ್ಲೇ ಬರೆಯಬಹುದು. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಕೈದಿಗಳಿಗೂ ಅದು ಅನ್ವಯಿಸುತ್ತದೆ. ಜೊತೆಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳನ್ನೂ ಉಲ್ಲೇಖಿಸಿ. ಹೊರಗಿನ ಜನರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಕೈದಿಗಳಿಗೂ ಉಚಿತವಾಗಿ ಸಿಗಬೇಕೆಂದು ಅದರ 24ನೇ ನಿಯಮ ಹೇಳುತ್ತದೆ.

‘ಕೈದಿಗಳನ್ನು ಕೇಳಲು ಹೋದರೆ ದೂರಿನ ಗಲಾಟೆ ಶುರುವಾಗುತ್ತದೆ’ ಎಂಬ ಹೆದರಿಕೆ ಅಧಿಕಾರಿಗಳಿಗೆ ಇದ್ದೇ ಇರುತ್ತದೆ. ಅದನ್ನು ತಳ್ಳಿಹಾಕಬೇಡಿ. ಚರ್ಚೆ ವ್ಯವಸ್ಥೆಯ ಬಗ್ಗೆ ಇರುತ್ತದೆ, ವ್ಯಕ್ತಿಗಳ ಬಗ್ಗೆ ಅಲ್ಲ ಎಂದು ಬರೆದುಕೊಡಿ. ಒಬ್ಬ ವಾರ್ಡರ್ ನನ್ನಲ್ಲಿ ಹೇಳಿದ್ದುಂಟು: ‘ಇವರ ಕಜ್ಜಿ ನನ್ನ ಮಗಳಿಗೂ ಬಂತು ಸಿಸ್ಟರ್.’ ಸಿಬ್ಬಂದಿಯನ್ನು ಒಪ್ಪಿಸಲು ಇದಕ್ಕಿಂತ ದೊಡ್ಡ ಮಾತು ನನಗೆ ಸಿಕ್ಕಿಲ್ಲ.

ಕೈದಿಗಳ ಪ್ರತಿನಿಧಿಗಳಾಗಿ ಯಾರನ್ನು ಆರಿಸಬೇಕು?

ಉಳಿದವರ ಮೇಲೆ ಮೇಸ್ತ್ರಿ ಎನಿಸಿಕೊಂಡವರನ್ನು ಬಿಟ್ಟುಬಿಡಿ. ಅವರ ಎದುರು ಬೇರೆಯವರು ಬಾಯಿ ಬಿಡುವುದಿಲ್ಲ. ಪ್ರತಿ ಬ್ಲಾಕಿನಿಂದ ಒಬ್ಬಿಬ್ಬರು ಸಾಕು. ದಿನಾ ಮಾತ್ರೆ ನುಂಗುವವರು ಒಬ್ಬರು, ವಯಸ್ಸಾದವರು ಒಬ್ಬರು, ಹೊಸತಾಗಿ ಬಂದವರು ಒಬ್ಬರು ಇರಲಿ. ಮಹಿಳೆಯರು ಎಷ್ಟು ಕಡಿಮೆ ಇದ್ದರೂ ಅವರ ಸಭೆ ಬೇರೆಯೇ ಆಗಬೇಕು. ಮುಟ್ಟಿನ ದಿನಗಳ ಬಟ್ಟೆ, ನೀರಿನ ಮಾತು ಗಂಡಸರ ನಡುವೆ ಬರುವುದಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಇಂದು ಆರಿಸಿದವರು ನಾಳೆ ಜಾಮೀನಿನ ಮೇಲೆ ಹೋಗಬಹುದು. ಹಾಗಾಗಿ ಪ್ರತಿಯೊಬ್ಬರ ಜೊತೆ ಕಲಿಯುವ ಇನ್ನೊಬ್ಬರನ್ನು ಮೊದಲ ದಿನವೇ ಜೋಡಿ ಮಾಡಿ. ಶಿಕ್ಷೆಗೆ ಒಳಗಾಗಿ ಕೂಲಿಗೆ ದುಡಿಯುವವರಿಗೆ ಸಭೆಯ ಹೊತ್ತನ್ನು ಕೆಲಸದ ಹೊತ್ತೆಂದೇ ಲೆಕ್ಕ ಹಾಕಿಸಿ. ದಿನಗೂಲಿ ಕಳೆದುಕೊಂಡು ಯಾರೂ ಬರಲಾರರು.

ಪ್ರತಿನಿಧಿಗಳು ಏನು ಮಾಡಬಾರದು ಎಂಬುದನ್ನು ಇನ್ನೂ ಸ್ಪಷ್ಟವಾಗಿ ಹೇಳಬೇಕು. ಅವರು ಮದ್ದು ಹಂಚುವುದಿಲ್ಲ, ಯಾರ ರೋಗದ ಕಡತವನ್ನೂ ಮುಟ್ಟುವುದಿಲ್ಲ. ‘ಇಂಥವರಿಗೆ ಇಂಥ ಕಾಯಿಲೆ’ ಎಂಬ ಮಾತು ಸಭೆಯಲ್ಲಿ ಬರಕೂಡದು. ಎಚ್‌ಐವಿ, ಕ್ಷಯ, ಮನಸ್ಸಿನ ಕಾಯಿಲೆಯ ಸುದ್ದಿ ಒಮ್ಮೆ ಬ್ಲಾಕಿನಲ್ಲಿ ಹಬ್ಬಿದರೆ ಆ ಮನುಷ್ಯನ ಪಕ್ಕ ಚಾಪೆ ಹಾಕುವವರು ಇರುವುದಿಲ್ಲ.

ಕೇಳುವುದರಲ್ಲಿದೆ ಕೆಲಸ

‘ಚಿಕಿತ್ಸೆ ಚೆನ್ನಾಗಿದೆಯಾ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ‘ಕಳೆದ ಸಲ ಹುಷಾರಿಲ್ಲದಾಗ ಮೊದಲು ಯಾರಿಗೆ ಹೇಳಿದಿರಿ? ಆಮೇಲೆ ಏನಾಯಿತು? ರಾತ್ರಿ ಎದೆ ಹಿಡಿದುಕೊಂಡರೆ ಏನು ಮಾಡುತ್ತೀರಿ?’ ಎಂದು ಕೇಳಿ. ವಾರ್ಡರ್ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇರಲಿ, ಮಾತು ಕೇಳಿಸುವಷ್ಟು ಹತ್ತಿರ ಬೇಡ.

ಒಮ್ಮೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ‘ಇದು ನಿಮ್ಮ ಕೋಣೆ, ಅದು ಡಾಕ್ಟರ ಕೋಣೆ, ನಡುವೆ ಎಲ್ಲೆಲ್ಲಿ ನಿಲ್ಲಬೇಕಾಗುತ್ತದೆ ತೋರಿಸಿ’ ಎಂದೆ. ಒಬ್ಬರು ಒಂದು ಕಡೆ ದೊಡ್ಡ ಸೊನ್ನೆ ಹಾಕಿದರು. ಡಾಕ್ಟರನ್ನು ಕಾಣಲು ಚೀಟಿ ಬರೆಯುವ ಜಾಗವದು. ಬರೆಯಲು ಬಾರದವರು ಇನ್ನೊಬ್ಬರ ಕೈಯಲ್ಲಿ ಬರೆಸಬೇಕು, ಬರೆಸಲು ಕಾಯಿಲೆಯನ್ನು ಅವರೆದುರು ಹೇಳಬೇಕು. ಮೂಲವ್ಯಾಧಿ ಇದ್ದವರು ಹೇಳಲಾರದೆ ತಿಂಗಳುಗಟ್ಟಲೆ ಸುಮ್ಮನಿದ್ದರು. ಚೀಟಿಯ ಬದಲು ಮೈಯ ಚಿತ್ರ ಇರುವ ಹಾಳೆ ಕೊಟ್ಟು, ನೋವಿರುವಲ್ಲಿ ಗುರುತು ಹಾಕಿದರೆ ಸಾಕು ಎಂದು ಮಾಡಿದ ಮೇಲೆ ಅವರು ಡಾಕ್ಟರನ್ನು ಕಂಡರು.

ಭಾಷೆಯ ಹಾಳೆಯನ್ನೂ ಅವರಿಂದಲೇ ಮಾಡಿಸಿ. ಮಲಯಾಳದ ‘ಶ್ವಾಸಂ ಮುಟ್ಟಲ್’ ಎಂದರೆ ಉಸಿರುಕಟ್ಟುವುದು. ಕನ್ನಡ ಕಿವಿಗೆ ಅದು ಯಾರನ್ನೋ ಮುಟ್ಟಿದ ಹಾಗೆ ಕೇಳುತ್ತದೆ. ಎದೆನೋವು ಮಲಯಾಳದಲ್ಲಿ ‘ನೆಂಜುವೇದನ’, ತುಳುವಿನಲ್ಲಿ ‘ತಿಗಲೆ ಬೇನೆ’. ಇಂಥ ಇಪ್ಪತ್ತು ಮಾತುಗಳನ್ನು ಕನ್ನಡ, ತುಳು, ಬ್ಯಾರಿ, ಮಲಯಾಳ, ಜೊತೆಗೆ ಹೊರರಾಜ್ಯದ ಕೂಲಿಕಾರರಿಗಾಗಿ ಹಿಂದಿಯಲ್ಲೂ ಒಂದೇ ಹಾಳೆಗೆ ಇಳಿಸಿ ಡಾಕ್ಟರ ಮೇಜಿನ ಮೇಲೊಂದು, ಪ್ರತಿ ಬ್ಲಾಕಿನಲ್ಲೊಂದು ಇಡಿ. ಸಪ್ತಭಾಷೆಯ ನಾಡಿನಲ್ಲಿ ಇದು ಮದ್ದಿನಷ್ಟೇ ಮುಖ್ಯ.

ಒಂದೇ ಸಮಸ್ಯೆ ಹಿಡಿಯಿರಿ

ಪಟ್ಟಿ ಉದ್ದವಾಗಿ ಬರುತ್ತದೆ. ಅದರಲ್ಲಿ ಎಲ್ಲರನ್ನೂ ಕಾಡುವ, ಜೈಲಿನೊಳಗೇ ಸರಿಪಡಿಸಬಹುದಾದ ಒಂದನ್ನು ಅವರೇ ಆರಿಸಲಿ. ನಮ್ಮಲ್ಲಿ ಆರಿಸಿದ್ದು ತುರಿಕಜ್ಜಿ.

ಇದಕ್ಕೆ ಪರ್ಮೆತ್ರಿನ್ 5% ಮುಲಾಮು ಉಂಟು. ಡಾಕ್ಟರ್ ಹೇಳಿದಂತೆ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಒಂದಿಂಚೂ ಬಿಡದೆ ಹಚ್ಚಿ, ಬೆಳಗ್ಗೆ ತೊಳೆದು, ವಾರದ ಬಳಿಕ ಇನ್ನೊಮ್ಮೆ ಹಚ್ಚಬೇಕು. ತುರಿಕೆ ಇಲ್ಲದವರೂ ಸೇರಿ ಇಡೀ ಕೋಣೆ ಒಂದೇ ದಿನ ಹಚ್ಚದಿದ್ದರೆ ಅದು ಸುತ್ತಿ ಸುತ್ತಿ ಬರುತ್ತದೆ. ಆ ಜೈಲಿನಲ್ಲಿ ಅದುವರೆಗೆ ತುರಿಕೆ ಎಂದವರಿಗೆ ಮಾತ್ರ ಟ್ಯೂಬ್ ಸಿಗುತ್ತಿತ್ತು.

ಡಾಕ್ಟರ್ ಇದನ್ನು ವಿವರಿಸಿದಾಗ ಪ್ರತಿನಿಧಿಯೊಬ್ಬರು ಕೇಳಿದರು: ‘ಹೊದಿಕೆ ಏನು ಮಾಡುವುದು? ಈ ಮಳೆಯಲ್ಲಿ ನಾಲ್ಕು ದಿನವಾದರೂ ಒಣಗುವುದಿಲ್ಲ. ಒದ್ದೆ ಹೊದಿಕೆ ಯಾರು ಹೊದೆಯುತ್ತಾರೆ?’ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಕಜ್ಜಿಯ ಹುಳ ಮನುಷ್ಯರ ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ, ಒಗೆಯಲಾಗದ್ದನ್ನು ಗಾಳಿಯಾಡದಂತೆ ವಾರ ಕಟ್ಟಿಟ್ಟರೂ ಆದೀತು ಎಂದರು ಡಾಕ್ಟರ್. ಅಡುಗೆಮನೆಯಲ್ಲಿ ಕೆಲಸ ಮಾಡುವವರು ಪ್ಲಾಸ್ಟಿಕ್ ಚೀಲ ಒಟ್ಟು ಮಾಡಿದರು. ಅರ್ಧ ಜನರ ಹೊದಿಕೆ ಚೀಲಕ್ಕೆ, ಉಗ್ರಾಣದಿಂದ ಬದಲಿ ಹೊದಿಕೆ ಅವರಿಗೆ. ವಾರ ಬಿಟ್ಟು ಉಳಿದವರ ಸರದಿ ಎಂದು ಯೋಜನೆ ಹಾಕಿದವರೂ ಅವರೇ. ‘ಅರ್ಧರ್ಧ ಮಾಡಿದರೆ ಪುನಃ ಹರಡುವುದಿಲ್ಲವಾ?’ ಎಂದು ನಾನು ಕೇಳಿದೆ. ಅವರಲ್ಲೊಬ್ಬರು, ‘ಕೋಣೆ ಒಡೆಯುವುದಿಲ್ಲ ಸಿಸ್ಟರೇ, ಪೂರ್ತಿ ಕೋಣೆಯಂತೆ ಸರದಿ’ ಎಂದರು. ಬೆನ್ನಿಗೆ ಮುಲಾಮು ಹಚ್ಚಿಕೊಳ್ಳಲು ಆಗದ ಮುದುಕರಿಗೆ ಜೊತೆಗಾರರನ್ನು ಗೊತ್ತು ಮಾಡಿದರು.

ಐರ್ಲೆಂಡಿನಲ್ಲಿ ರೆಡ್ ಕ್ರಾಸ್ 2009ರಲ್ಲಿ ಡಬ್ಲಿನ್ನಿನ ವೀಟ್‌ಫೀಲ್ಡ್ ಜೈಲಿನಲ್ಲಿ ಕೈದಿಗಳನ್ನೇ ಆರೋಗ್ಯ ಸ್ವಯಂಸೇವಕರನ್ನಾಗಿ ತರಬೇತಿ ಮಾಡಲು ತೊಡಗಿತು. ಆಮೇಲೆ ಅದು ಅಲ್ಲಿನ ಬೇರೆ ಜೈಲುಗಳಿಗೂ ಹೋಯಿತು. ಚೀಮೇನಿಯಂಥ ತೆರೆದ ಜೈಲಿನಲ್ಲಿ ಹೊರಗೆ ಮೈಮುರಿದು ದುಡಿಯುವವರು ಕಜ್ಜಿಯ ಬದಲು ಗಾಯ, ಬೆನ್ನುನೋವನ್ನು ಆರಿಸಬಹುದು. ಆಯ್ಕೆ ಅವರದ್ದೇ ಆಗಿರಲಿ.

ಪೆಟ್ಟಿಗೆ ಇಟ್ಟರೆ ಉತ್ತರವೂ ಕೊಡಿ

ಸುನಿಲ್ ಬಾತ್ರಾ ಎಂಬ ಕೈದಿ, ಇನ್ನೊಬ್ಬ ಕೈದಿಗಾದ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಎತ್ತಿಕೊಂಡು 1979ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಜೈಲಿನಲ್ಲಿ ದೂರಿನ ಪೆಟ್ಟಿಗೆ ಇರಬೇಕು, ಅದು ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರ ಸುಪರ್ದಿಯಲ್ಲಿ ಇರಬೇಕು ಎಂದದ್ದು ಆ ತೀರ್ಪು. ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ನಮ್ಮ ಪಕ್ಕದ ತಲಶ್ಶೇರಿಯಲ್ಲಿ ವಕೀಲಿ ಮಾಡಿದವರು, 1948ರಲ್ಲಿ ಸ್ವತಃ ಒಂದು ತಿಂಗಳು ಜೈಲಿನಲ್ಲಿದ್ದವರು.

ಆರೋಗ್ಯದ ಚೀಟಿಗೂ ಪೆಟ್ಟಿಗೆ ಇಡಿ. ಬೀಗದ ಕೈ ಜೈಲಿನವರ ಹತ್ತಿರ ಇರದೆ ಕಾನೂನು ಸೇವಾ ಪ್ರಾಧಿಕಾರದವರ ಹತ್ತಿರ ಇರಲಿ. ಹದಿನೈದು ದಿನಕ್ಕೊಮ್ಮೆ ತೆರೆದು, ಯಾರ ಹೆಸರೂ ಹಾಕದೆ, ಪ್ರತಿ ಬೇಡಿಕೆಯ ಮುಂದೆ ‘ಆಯಿತು’, ‘ಆಗುತ್ತಿದೆ’, ‘ಆಗುವುದಿಲ್ಲ, ಕಾರಣ ಇದು’ ಎಂದು ಬರೆದು ಫಲಕಕ್ಕೆ ಅಂಟಿಸಿ, ಓದಲು ಬಾರದವರಿಗೆ ಓದಿ ಹೇಳಿ. ‘ಆಗುವುದಿಲ್ಲ’ ಎಂಬ ಉತ್ತರವನ್ನು ಅವರು ತಡೆದುಕೊಳ್ಳುತ್ತಾರೆ. ಉತ್ತರವೇ ಬಾರದಿದ್ದರೆ ಮುಂದಿನ ಸಲ ಪೆಟ್ಟಿಗೆ ಖಾಲಿ ಇರುತ್ತದೆ. ಚೀಟಿ ಹಾಕಿದವರಿಗೆ ಕಿರುಕುಳವಾದರೆ ತಡಮಾಡದೆ ಪ್ರಾಧಿಕಾರಕ್ಕೆ ತಿಳಿಸಿ. ಉಚಿತ ಕಾನೂನು ನೆರವಿನ ಸಂಖ್ಯೆ 15100. ಒಳಗಿರುವವರ ಮನಸ್ಸಿನ ಚಿಂತೆ ಹೊತ್ತ ಮನೆಯವರು ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಂಟು.

ಬಿಡುಗಡೆಯ ದಿನ

ಜಾಮೀನಿನ ಆದೇಶ ಬರುವಾಗ ಎಷ್ಟೋ ಸಲ ಸಂಜೆಯಾಗಿರುತ್ತದೆ. ಬೀಪಿ, ಸಕ್ಕರೆ, ಅಪಸ್ಮಾರ, ಕ್ಷಯದ ಮಾತ್ರೆ ಒಳಗೇ ಉಳಿದು ಮನುಷ್ಯ ಮಾತ್ರ ಹೊರಗೆ ಬರುತ್ತಾನೆ. ಪ್ರತಿನಿಧಿಗಳು ಇದಕ್ಕೊಂದು ದಾರಿ ಹೇಳಿದರು: ದಿನಾ ಮದ್ದು ತೆಗೆದುಕೊಳ್ಳುವ ಪ್ರತಿಯೊಬ್ಬರ ಕಿಸೆಯಲ್ಲೂ ಅವರವರ ಭಾಷೆಯ ಒಂದು ಚೀಟಿ ಸದಾ ಇರಲಿ. ಮಾತ್ರೆಯ ಹೆಸರು, ಹೊತ್ತು, ಊರಿಗೆ ಹತ್ತಿರದ ಆರೋಗ್ಯ ಕೇಂದ್ರ ಅದರಲ್ಲಿರಲಿ. ವಾರಕ್ಕಾಗುವ ಮಾತ್ರೆಯ ಪೊಟ್ಟಣ ಗೇಟಿನ ಹತ್ತಿರವೇ ತಯಾರಿರಲಿ. ಡಾಕ್ಟರ್ ಒಪ್ಪಿದರು. ಚೀಟಿ ಬರೆಯಲು ಕೂತ ದಿನ ಒಬ್ಬರು ಅದರ ಹಿಂಬದಿಯಲ್ಲಿ ಮುಳ್ಳೇರಿಯಕ್ಕೆ ಹೋಗುವ ಕೊನೆಯ ಬಸ್ಸಿನ ಸಮಯವನ್ನೂ ಬರೆಸಿಕೊಂಡರು.