ಅಪ್ಪನ ಡಯಾಲಿಸಿಸ್, ನಮ್ಮ ಲೆಕ್ಕದ ಪುಸ್ತಕ

ನಮ್ಮ ಮನೆಯಲ್ಲಿ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದಿದೆ. ಮೊದಲ ಅರ್ಧ ಕೊಬ್ಬರಿ ಲೆಕ್ಕ. ಎಷ್ಟು ಚೀಲ, ಏನು ರೇಟು, ಸುಲಿದವರಿಗೆ ಎಷ್ಟು ಕೂಲಿ. ಉಳಿದರ್ಧ ಅಪ್ಪನ ಡಯಾಲಿಸಿಸ್ ಲೆಕ್ಕ, ಅಂದರೆ ಕೆಲಸ ನಿಲ್ಲಿಸಿದ ಕಿಡ್ನಿಯ ಬದಲು ಮೆಷಿನ್‌ನಲ್ಲಿ ರಕ್ತ ಶುದ್ಧ ಮಾಡಿಸುವ ಖರ್ಚು. ಎರಡೂ ಅಪ್ಪನ ಕೈಬರಹವೇ. ಆದರೆ ಡಯಾಲಿಸಿಸ್‌ನ ಮೊದಲ ಮೂರು ತಿಂಗಳ ಲೆಕ್ಕ ಅದರಲ್ಲಿಲ್ಲ. ಅದು ನನ್ನ ಮೊಬೈಲ್‌ನಲ್ಲಿತ್ತು, ಅಪ್ಪನ ಕಣ್ಣಿಗೆ ಬೀಳದ ಹಾಗೆ. ನಾನು ಮಾಡಿದ ತಪ್ಪುಗಳಲ್ಲಿ ಅದೇ ದೊಡ್ಡದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕುವ ಹಳ್ಳಿ ನಮ್ಮದು. ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಂಪನಿಯ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಊರಿನಲ್ಲಿ ಅಪ್ಪ, ಅಮ್ಮ, ತಮ್ಮ, ಅವನ ಹೆಂಡತಿ. 2023ರ ಜೂನ್‌ನಲ್ಲಿ ಅಪ್ಪನಿಗೆ ಊಟ ಸೇರದಾಯಿತು. ಕಾಲು ಊದಿಕೊಂಡಿತು, ಮೈಯೆಲ್ಲ ನವೆ, ಬೆಳಿಗ್ಗೆ ಎದ್ದರೆ ವಾಂತಿ. ಗ್ಯಾಸ್ಟ್ರಿಕ್ ಅಂದುಕೊಂಡು ಎರಡು ವಾರ ಕಳೆದೆವು. ರಕ್ತ ಪರೀಕ್ಷೆ ಮಾಡಿಸಿದಾಗ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 9.4 ಇತ್ತು. ಒಂದರ ಆಸುಪಾಸಿನಲ್ಲಿ ಇರಬೇಕಾದದ್ದು ಅದು.

ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ಇತ್ತು. ಬಿಪಿಯೂ ಇತ್ತು. ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು: 'ಮಂಡಿ ನೋವಿಗೆ ಏನು ತಗೊಳ್ತಿದ್ರಿ?' ಅಪ್ಪ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ನೋವಿನ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದ್ದ. ಮರ ಹತ್ತುವವರು, ಕಾಯಿ ಸುಲಿಯುವವರು ಎಲ್ಲರೂ ನುಂಗುತ್ತಾರಲ್ಲ, ಹಾಗೇ. ಆ ಮಾತ್ರೆಗಳು ಕಿಡ್ನಿಗೆ ಆಗಿಬರುವುದಿಲ್ಲ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹೆಸರು ಬೇಡ. ಕುತ್ತಿಗೆಗೆ ಪೈಪು ಹಾಕಿ ನಾಲ್ಕು ದಿನದಲ್ಲಿ ಮೂರು ಡಯಾಲಿಸಿಸ್ ಮಾಡಿದರು. ಬಿಲ್ಲು 1,12,000. ಕೌಂಟರಿನಲ್ಲಿ ಬಿಪಿಎಲ್ ಕಾರ್ಡ್ ತೋರಿಸಿದೆ. 'ಆ ಸ್ಕೀಮ್ ನಮ್ಮಲ್ಲಿ ಇಲ್ಲಮ್ಮ' ಅಂದರು. ನನ್ನ ಉಳಿತಾಯ ನಲವತ್ತು ಸಾವಿರ ಇತ್ತು. ಸರ ಅಡವಿಟ್ಟು ಐವತ್ತು ಸಾವಿರ ತಂದೆ. ಅತ್ತ ತಮ್ಮ ಅಟ್ಟದಲ್ಲಿದ್ದ ಒಂಬತ್ತು ಕ್ವಿಂಟಲ್ ಕೊಬ್ಬರಿಯನ್ನು ಸಿಕ್ಕ ರೇಟಿಗೆ ಮಾರಿದ. ಆ ವರ್ಷ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇತ್ತು, ಮಾರುಕಟ್ಟೆಯಲ್ಲಿ ಹತ್ತು ಸಾವಿರವೂ ಹುಟ್ಟುತ್ತಿರಲಿಲ್ಲ. ಕಾಯುವ ಹಾಗಿರಲಿಲ್ಲ, ಮಾರಿದೆವು.

ಆ ಮೊದಲ ಬಿಲ್ಲಿನಿಂದ ನಾವು ಕುಸಿಯಲಿಲ್ಲ ಅನ್ನುವುದು ಈಗ ಕಾಣುತ್ತಿದೆ. ದೊಡ್ಡ ಬಿಲ್ಲಿಗೆ ನೆಂಟರು ಬರುತ್ತಾರೆ, ಊರವರು ಐನೂರು ಸಾವಿರ ಅಂತ ಕೈಯಲ್ಲಿಟ್ಟು ಹೋಗುತ್ತಾರೆ. ಆಮೇಲೆ ವಾರಕ್ಕೆ ಮೂರು ಸಲ, ತಿಂಗಳಿಗೆ ಹದಿಮೂರು ಸಲ ಬರುವ ಖರ್ಚಿಗೆ ಯಾರೂ ಬರುವುದಿಲ್ಲ. ಹತ್ತಿರದ ಪಟ್ಟಣದ ಖಾಸಗಿ ಸೆಂಟರಿನಲ್ಲಿ ಒಂದು ಡಯಾಲಿಸಿಸ್‌ಗೆ 1,800. ಹದಿಮೂರಕ್ಕೆ 23,400. ರಕ್ತ ಹೆಚ್ಚಿಸುವ ಇಂಜೆಕ್ಷನ್ ವಾರಕ್ಕೊಂದು, ತಿಂಗಳಿಗೆ 3,600. ಹೋಗಿ ಬರಲು ಆಟೋ 500, ಅಂದರೆ 6,500. ಮಾತ್ರೆ 2,500. ಒಟ್ಟು 36,000. ನನ್ನ ಸಂಬಳ 31,000.

ಈ 36 ಸಾವಿರವನ್ನು ಹೇಗೆ ಇಳಿಸಿದೆವು ಅನ್ನುವುದೇ ನಾನು ಮುಖ್ಯವಾಗಿ ಹೇಳಬೇಕಾದದ್ದು.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ಅದು ಗೊತ್ತಿತ್ತು, ಆದರೆ 'ಅಲ್ಲಿ ಸೀಟು ಸಿಗಲ್ಲ' ಅಂತ ಯಾರೋ ಹೇಳಿದ್ದನ್ನು ನಂಬಿ ಆರು ವಾರ ಹೋಗಿಯೇ ಇರಲಿಲ್ಲ. ಹೋದಾಗ ಸೀಟು ನಿಜಕ್ಕೂ ಇರಲಿಲ್ಲ. ಇರುವ ಕೆಲವೇ ಮೆಷಿನ್‌ಗಳಲ್ಲಿ ಪಾಳಿ ಹಾಕಿ ಮಾಡುತ್ತಾರೆ. ಒಬ್ಬರ ಜಾಗ ಖಾಲಿಯಾಗಬೇಕು ಅಂದರೆ ಏನರ್ಥ ಅಂತ ನಿಮಗೂ ಗೊತ್ತು. ಹೆಸರು ಬರೆಸಿ ಬರುವಾಗ ಅಲ್ಲಿನ ಟೆಕ್ನಿಷಿಯನ್ ಒಂದು ಮಾತು ಹೇಳಿದರು: 'ಬೆಳಗಿನ ಮೊದಲ ಪಾಳಿ ಆದ್ರೆ ಬೇಗ ಸಿಗಬಹುದು, ಐದೂವರೆಗೆ ಬರಬೇಕು, ಹಳ್ಳಿಯವರು ಯಾರೂ ಒಪ್ಪಲ್ಲ.' ನಾವು ಒಪ್ಪಿದೆವು. ಆದರೂ ಹತ್ತು ದಿನ ಸುಮ್ನೆ ಹೋಯಿತು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಈ ಮೂರು ರಿಪೋರ್ಟ್ ಇಲ್ಲದೆ ಹೊಸಬರನ್ನು ಮೆಷಿನ್‌ಗೆ ಹಾಕುವುದಿಲ್ಲ. ನಮ್ಮ ಹತ್ತಿರ ಹೊಸ ರಿಪೋರ್ಟ್ ಇರಲಿಲ್ಲ. ನೀವು ಹೆಸರು ಬರೆಸುವ ದಿನವೇ ಇವನ್ನು ಮಾಡಿಸಿ ಇಟ್ಟುಕೊಳ್ಳಿ. ಸೀಟು ಸಿಕ್ಕಾಗ ಓಡಾಡುವುದು ತಪ್ಪುತ್ತದೆ.

ಇನ್ನೊಂದು ಕೆಲಸ ಫಿಸ್ಟುಲಾ. ಎಡಗೈಯ ರಕ್ತನಾಳ ಎರಡನ್ನು ಸೇರಿಸಿ ಹೊಲಿಯುವ ಸಣ್ಣ ಆಪರೇಷನ್. ಕುತ್ತಿಗೆಯ ಪೈಪಿಗೆ ಸೋಂಕು ತಗಲುವ ಭಯ ಜಾಸ್ತಿ, ಅದರ ಬದಲು ಈ ನಾಳದಿಂದಲೇ ಡಯಾಲಿಸಿಸ್ ಮಾಡಲು ಇದು ಬೇಕು. ಆಪರೇಷನ್ ಆದ ಮೇಲೂ ಆ ನಾಳ ದಪ್ಪವಾಗಲು ಆರು ವಾರವಾದರೂ ಕಾಯಬೇಕು. ಈ ಸಲ ನಾನು ಮೊದಲೇ ವಿಚಾರಿಸಿದೆ. ಸರ್ಕಾರದ ಚಿಕಿತ್ಸಾ ಯೋಜನೆಯಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಹೋಗುವ ಆಸ್ಪತ್ರೆ ಆ ಯೋಜನೆಯ ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಯೋಜನೆಯ ಕೆಲಸಕ್ಕೆ ನೆರವಾಗಲು ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಬಿಲ್ಲಿಂಗ್ ಕೌಂಟರಿಗಿಂತ ಮೊದಲು ಅವರನ್ನು ಹುಡುಕಬೇಕು. ಜೂನ್‌ನಲ್ಲಿ ನನಗೆ ಇಷ್ಟು ತಿಳಿದಿದ್ದರೆ ಸರ ಅಡವಿಡಬೇಕಾಗುತ್ತಿರಲಿಲ್ಲ.

ಎಲ್ಲ ಕಾಗದ ಸರಿ ಇತ್ತು, ಆದರೆ ಅಪ್ಪನ ಹೆಬ್ಬೆಟ್ಟು ಮೆಷಿನ್‌ಗೆ ಹತ್ತಲಿಲ್ಲ. ನಲವತ್ತು ವರ್ಷ ತೆಂಗಿನಕಾಯಿ ಸುಲಿದ ಕೈ, ಗೆರೆಯೇ ಸವೆದುಹೋಗಿದೆ. ಹತ್ತು ಬೆರಳೂ ಇಟ್ಟು ನೋಡಿದೆವು. ಒಟಿಪಿ ಕಳಿಸೋಣ ಅಂದರೆ ಆಧಾರ್‌ಗೆ ಕೊಟ್ಟಿದ್ದ ನಂಬರ್ ಯಾವತ್ತೋ ಬಂದ್ ಆಗಿತ್ತು. ಆಧಾರ್ ಕೇಂದ್ರಕ್ಕೆ ಹೋಗಿ ತಮ್ಮನ ನಂಬರ್ ಜೋಡಿಸಿಕೊಂಡು ಬರಲು ಒಂದು ವಾರ. 'ನನ್ನ ಬೆರಳಿಗಿಂತ ಅವನ ಮೊಬೈಲೇ ವಾಸಿ' ಅಂತ ಅಪ್ಪ ನಕ್ಕ. ಆಪರೇಷನ್ ಒಂದು ಪೈಸೆ ಇಲ್ಲದೆ ಆಯಿತು. ಈಗಲೂ ಆ ಕೈ ಮೇಲೆ ಬೆರಳಿಟ್ಟರೆ ಗುಂಯ್ ಅಂತ ಅದುರುವುದು ತಿಳಿಯುತ್ತದೆ. ದಿನಾ ಬೆಳಿಗ್ಗೆ ಅಮ್ಮ ಮುಟ್ಟಿ ನೋಡುತ್ತಾಳೆ. ಅದುರು ನಿಂತರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ಆ ಕೈಗೆ ಬಿಪಿ ಪಟ್ಟಿ ಕಟ್ಟುವ ಹಾಗಿಲ್ಲ, ರಕ್ತ ತೆಗೆಯುವ ಹಾಗಿಲ್ಲ, ಕೊಡ ಹೊರುವ ಹಾಗಿಲ್ಲ.

ಮಾತ್ರೆಗೆ ಕಡಿಮೆ ಬೆಲೆಗೆ ಔಷಧಿ ಮಾರುವ ಜನೌಷಧಿ ಕೇಂದ್ರ ನೆರವಾಯಿತು. ಡಾಕ್ಟರ ಹತ್ತಿರ ಕಂಪನಿ ಹೆಸರಿನ ಬದಲು ಔಷಧಿ ಹೆಸರು ಬರೆಸಿಕೊಂಡೆ, 2,500 ಇದ್ದದ್ದು 1,100ಕ್ಕೆ ಬಂತು. ಇಲ್ಲೊಂದು ಪೆದ್ದುತನವೂ ಆಯಿತು. ಫಾಸ್ಫರಸ್ ಹಿಡಿಯುವ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಅದು ಊಟದಲ್ಲಿರುವುದನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುವಂಥದ್ದು. ಅಪ್ಪ ಎರಡು ತಿಂಗಳು ಅದನ್ನು ಮಲಗುವ ಮುಂಚೆ ನುಂಗಿದ್ದ. ಅಷ್ಟೂ ದುಡ್ಡು ನೀರಿಗೆ ಹಾಕಿದಂತೆ.

ಊಟದ ವಿಷಯ ಸ್ವಲ್ಪ ಉದ್ದ ಹೇಳಬೇಕು. ತೆಂಗಿನ ತೋಟದ ನಡುವೆ ಮನೆ, ಎಳನೀರು ಕುಡಿಯುವ ಹಾಗಿಲ್ಲ. ಡಯಾಲಿಸಿಸ್‌ನವರಿಗೆ ಅದರಲ್ಲಿರುವ ಪೊಟ್ಯಾಸಿಯಂ ವಿಷ ಇದ್ದ ಹಾಗೆ, ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ಜಾಸ್ತಿಯಾದರೆ ಹೃದಯವೇ ನಿಂತುಬಿಡಬಹುದು. ಆದರೆ ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರುವವರು ತರುವುದೇ ಎಳನೀರು! 'ಕಿಡ್ನಿಗೆ ಒಳ್ಳೇದಲ್ವಾ?' ಅನ್ನುತ್ತಾರೆ. ಕಲ್ಲು ಆದವರಿಗೆ ಹೇಳಿದ್ದನ್ನು ಎಲ್ಲರಿಗೂ ಹೊಂದಿಸುತ್ತಾರೆ. ಒಂದು ಭಾನುವಾರ ಪಕ್ಕದ ತೋಟದವರು ಪ್ರೀತಿಯಿಂದ ಎರಡು ಕೆತ್ತಿ ಕೊಟ್ಟರು, ಅಪ್ಪ ಆಸೆ ತಡೆಯದೆ ಕುಡಿದ. ರಾತ್ರಿ ಕಾಲಲ್ಲಿ ಶಕ್ತಿಯೇ ಇಲ್ಲ. ಇಸಿಜಿ ನೋಡಿ ತಕ್ಷಣ ಡಯಾಲಿಸಿಸ್‌ಗೆ ಹಾಕಿದರು. ಆ ಎರಡು ಎಳನೀರಿನ ಬೆಲೆ 14,000.

ಅಮ್ಮನಿಗೆ ಕಷ್ಟವಾದದ್ದು ಬಸ್ಸಾರು. ಸೊಪ್ಪು, ತರಕಾರಿಯನ್ನು ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿ ಅಂತ ಡಯಟಿಷಿಯನ್ ಹೇಳಿದರು, ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. 'ಬಸಿದ ನೀರು ಚೆಲ್ಲಿದ್ರೆ ಬಸ್ಸಾರು ಯಾತರಲ್ಲಿ ಮಾಡ್ಲಿ?' ಅಂತ ಅಮ್ಮ ಕೇಳಿದಳು. ಉತ್ತರ ಇರಲಿಲ್ಲ. ಈಗ ಅಪ್ಪನಿಗೆ ಪಲ್ಯ, ಉಳಿದವರಿಗೆ ಬಸ್ಸಾರು. ಇನ್ನೊಂದು ಎಚ್ಚರಿಕೆ: ಬಿಪಿಗೆ ಒಳ್ಳೆಯದು ಅಂತ ಸೋಡಿಯಂ ಕಡಿಮೆ ಇರುವ ಉಪ್ಪು ಮಾರುತ್ತಾರಲ್ಲ, ನಾನೇ ಬೆಂಗಳೂರಿಂದ ಹೊತ್ತು ತಂದಿದ್ದೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ. ಪುಣ್ಯಕ್ಕೆ ಡಯಟಿಷಿಯನ್ ಕೇಳಿದರು, ಪ್ಯಾಕೆಟ್ ಒಡೆಯುವ ಮುಂಚೆ ತಪ್ಪಿತು.

ನೀರು ದಿನಕ್ಕೆ ಮುಕ್ಕಾಲು ಲೀಟರ್. ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ. ಮುದ್ದೆ ಬಿಡಿಸಲಿಲ್ಲ, ಮುದ್ದೆ ಜೊತೆಗಿನ ಸಾರಿಗೆ ಒಂದು ಲೋಟ ಅಳತೆ ಇಟ್ಟೆವು.

ಈಗ ಆ ಮೊಬೈಲ್ ಲೆಕ್ಕದ ವಿಷಯ. ಅಪ್ಪನಿಗೆ ದುಡ್ಡಿನ ಚಿಂತೆ ಬೇಡ ಅಂತ ನಾನು, ತಮ್ಮ ಇಬ್ಬರೂ ಎಲ್ಲ ಮುಚ್ಚಿಟ್ಟಿದ್ದೆವು. ಕೇಳಿದಾಗಲೆಲ್ಲ 'ಎಲ್ಲ ಸ್ಕೀಮಲ್ಲಿ ಆಗ್ತಿದೆ ಕಣಪ್ಪ' ಅನ್ನುತ್ತಿದ್ದೆ. ಸೆಪ್ಟೆಂಬರ್‌ನಲ್ಲಿ, ತಾಲ್ಲೂಕು ಆಸ್ಪತ್ರೆಯ ಸೀಟು ಇನ್ನೂ ಸಿಗದಿದ್ದಾಗ, ಒಂದು ಶುಕ್ರವಾರ ಆಟೋದವನಿಗೆ ಅಪ್ಪನೇ ಫೋನ್ ಮಾಡಿ ಬರಬೇಡ ಅಂದಿದ್ದ. ಮನೆಯಲ್ಲಿ 'ಇವತ್ತು ಮೆಷಿನ್ ಕೆಟ್ಟಿದೆಯಂತೆ' ಅಂದ. ಶನಿವಾರ ರಾತ್ರಿ ಉಸಿರು ಹಿಡಿಯಿತು, ಮಲಗಲಾಗಲಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಉಳಿದದ್ದೇ ಹೆಚ್ಚು.

ಯಾಕೆ ಹೀಗೆ ಮಾಡಿದೆ ಅಂತ ಕೇಳಿದರೆ ಮಾತಾಡಲಿಲ್ಲ. ಎರಡು ದಿನ ಬಿಟ್ಟು ಹೇಳಿದ: 'ಮೇಲಿನ ತೋಟ ಮಾರೋ ಮಾತು ಆಡ್ತಿದ್ರಲ್ಲ ನೀವಿಬ್ರು, ನಾನು ಕೇಳಿಸ್ಕೊಂಡೆ. ತಿಂಗಳಿಗೆ ಲಕ್ಷ ಆಗ್ತಿರಬೇಕು ಅಂದ್ಕೊಂಡೆ.' ನಾವು ಮುಚ್ಚಿಟ್ಟಷ್ಟೂ ಅಪ್ಪನ ತಲೆಯಲ್ಲಿ ಆ ಮೊತ್ತ ಬೆಳೆಯುತ್ತಾ ಹೋಗಿತ್ತು. ಜೀವನವಿಡೀ ಲೆಕ್ಕ ಬರೆದವನಿಂದ ಲೆಕ್ಕ ಬಚ್ಚಿಟ್ಟಿದ್ದೆ ನಾನು, ಅದೂ ಅಕೌಂಟ್ಸ್ ಕೆಲಸ ಮಾಡುವವಳು.

ಮೊಬೈಲ್ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದ. ಓದಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ: 'ಆಟೋಗೆ ಆರೂವರೆ ಸಾವಿರ ಯಾಕೆ?' ಅಕ್ಟೋಬರ್‌ನಲ್ಲಿ ಬೆಳಗಿನ ಪಾಳಿ ಸಿಕ್ಕ ಮೇಲೆ, ಅಕ್ಕಪಕ್ಕದ ಹಳ್ಳಿಗಳಿಂದ ಅದೇ ಪಾಳಿಗೆ ಬರುವ ಇನ್ನಿಬ್ಬರನ್ನು ಅಪ್ಪನೇ ಮಾತಾಡಿಸಿ ಒಂದು ಓಮ್ನಿ ಗೊತ್ತು ಮಾಡಿದ. ತಲೆಗೆ ಇನ್ನೂರು. ತಿಂಗಳಿಗೆ 2,600. ಇಂಜೆಕ್ಷನ್ ಬಹುಪಾಲು ಆಸ್ಪತ್ರೆಯಲ್ಲೇ ಸಿಗುತ್ತದೆ, ಸ್ಟಾಕ್ ಇಲ್ಲದ ವಾರ ಮಾತ್ರ ಹೊರಗೆ ಕೊಳ್ಳುತ್ತೇವೆ. ಈಗ ತಿಂಗಳಿಗೆ ಆರು ಸಾವಿರ ದಾಟುವುದು ಅಪರೂಪ. ತೋಟ ಉಳಿಯಿತು.

ಪುಸ್ತಕದಲ್ಲಿ ಅಪ್ಪ ಸೇರಿಸಿದ ಇನ್ನೊಂದು ಸಾಲು ನನಗೆ ಹೊಳೆದೇ ಇರಲಿಲ್ಲ. ಪ್ರತಿ ಡಯಾಲಿಸಿಸ್ ದಿನದ ಕೆಳಗೆ 'ಸೊಸೆಗೆ 100' ಅಂತ ಇದೆ. ಮೂರೂವರೆಗೆ ಎದ್ದು ಡಬ್ಬಿ ಕಟ್ಟಿ ಜೊತೆಗೆ ಹೋಗುವವಳು ಅವಳು. ನಾನು ದುಡ್ಡು ಕಳಿಸಿ ಎಲ್ಲ ನಾನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಆ ನೂರು ರೂಪಾಯಿಯನ್ನು ಅಪ್ಪ ಕೈಗೇ ಕೊಡುತ್ತಾನೆ, ಬೇಡ ಅಂದರೆ ಕೇಳುವುದಿಲ್ಲ.

ಕೆಲಸದಲ್ಲಿರುವವರಿಗೆ ಎರಡು ಮಾತು. ಪಿಎಫ್‌ನಿಂದ ತಂದೆತಾಯಿಯ ಚಿಕಿತ್ಸೆಗೆ ಮುಂಗಡ ತೆಗೆಯಬಹುದು. ನಾನು ಹಾಗೆ ತೆಗೆದೇ ಸರ ಬಿಡಿಸಿದೆ, ಆ ಬಡ್ಡಿ ಕಟ್ಟುವುದಕ್ಕಿಂತ ಇದು ವಾಸಿ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರು ಚಿಕಿತ್ಸೆ ಖರ್ಚಿನ ವಿನಾಯಿತಿ (ಹಳೆಯ ಕಾಯ್ದೆಯಲ್ಲಿ 80ಡಿ) ನೋಡಿ: ಅರವತ್ತು ದಾಟಿದ, ಆರೋಗ್ಯ ವಿಮೆ ಇಲ್ಲದ ಅಪ್ಪ ಅಮ್ಮನ ಚಿಕಿತ್ಸೆ ಖರ್ಚಿಗೆ 50,000ದವರೆಗೆ ವಿನಾಯಿತಿ ಇದೆ. ನಗದು ಕೊಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಯುಪಿಐ ಮಾಡಿ.

ಕಿಡ್ನಿ ಕಸಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಕೊಡುತ್ತೇನೆ ಅಂದಿದ್ದೆ. ಅಪ್ಪನ ಹೃದಯ ಅಷ್ಟು ಗಟ್ಟಿ ಇಲ್ಲ ಅಂತ ಡಾಕ್ಟರ್ ಬೇಡ ಅಂದರು. ಅದಕ್ಕೂ ಮೊದಲೇ ಅಪ್ಪ ಬೇಡ ಅಂದಿದ್ದ.

2025ರಲ್ಲಿ ಕೊಬ್ಬರಿ ರೇಟು ಕ್ವಿಂಟಲ್‌ಗೆ ಇಪ್ಪತ್ತು ಸಾವಿರ ದಾಟಿತು. ಆ ವಾರ ನಾನು ಊರಿಗೆ ಹೋದಾಗ ಅಪ್ಪ ಜಗಲಿ ಮೇಲೆ ಪುಸ್ತಕ ಬಿಚ್ಚಿ ಕೂತಿದ್ದ. ಅವತ್ತು ಆತುರ ಬಿದ್ದು ಮಾರಿದ ಒಂಬತ್ತು ಕ್ವಿಂಟಲ್‌ಗೆ ಈಗ ಎಷ್ಟು ಬರುತ್ತಿತ್ತು ಅಂತ ಅಂಚಿನಲ್ಲಿ ಕೂಡಿ ಕಳೆದು, ಲಕ್ಷದ ಹತ್ತಿರ ನಷ್ಟ ತೆಗೆದಿದ್ದ. ಎರಡು ವರ್ಷ ಅಟ್ಟದಲ್ಲಿಟ್ಟಿದ್ದರೆ ಅದು ಕೊಬ್ಬರಿಯಾಗಿ ಉಳಿಯುತ್ತಿರಲಿಲ್ಲ ಅಂತ ನಾನು ಹೇಳಿದೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ.

'ಇದನ್ನ ಯಾವ ಕಡೆ ಬರೀಲಿ ಹೇಳವ್ವ,' ಅಂದ. 'ಕೊಬ್ಬರಿ ಕಡೆಗೋ, ಡಯಾಲಿಸಿಸ್ ಕಡೆಗೋ?'

ಕೊಬ್ಬರಿ ಕಡೆಗೆ ಅಂದೆ. ಅಪ್ಪ ಪೆನ್ನಿನ ಕ್ಯಾಪ್ ಹಾಕಿ, ರೇಟು ಇನ್ನೂ ಏರುತ್ತದಂತೆ, ತಡಿ ನೋಡೋಣ ಅಂದ.